ಇಪ್ಪತ್ತೊಂದನೆಯ ಹೈನ್ರಿಖ್

ಭಾನುವಾರದ ಮಧ್ಯಾಹ್ನಗಳಲ್ಲಿ ನಮ್ಮ ಹಾಲಿಗೆ ಈಚೆಗೆ ಹೊಸದೊಂದು ವಾಸನೆ ಸೇರಿಕೊಂಡಿದೆ. ಒದ್ದೆ ಕ್ಯಾನ್ವಾಸು, ಬೂಟ್ ಪಾಲಿಶು, ಸೊಳ್ಳೆ ಕಚ್ಚದಿರಲೆಂದು ಬಳಿದುಕೊಳ್ಳುವ ಎಣ್ಣೆ ಎಲ್ಲ ಬೆರೆತ ವಾಸನೆ. ಮಗನ ಮಿಲಿಟರಿ ಅಂಗಿಯನ್ನು ಎಷ್ಟು ಸಲ ಒಗೆದರೂ ಅದು ಬಿಡುವುದಿಲ್ಲ. ಇಸ್ತ್ರಿಪೆಟ್ಟಿಗೆಯ ಬಿಸಿ ತಾಗಿದ್ದೇ ತಡ, ಮತ್ತೆ ಏಳುತ್ತದೆ. ಈ ಸಿಂಗಪುರದಲ್ಲಿ ಬೆಳೆದ ಹುಡುಗರು ಕಾಲೇಜಿಗೆ ಮುಂಚೆ ಎರಡು ವರ್ಷ ಸೈನ್ಯದಲ್ಲಿರಬೇಕು. ನಮ್ಮವನು ವಾರದ ಕೊನೆಗೆ ಬರುತ್ತಾನೆ, ಉಂಡು ಮಲಗುತ್ತಾನೆ, ಎದ್ದು ಉಣ್ಣುತ್ತಾನೆ, ಭಾನುವಾರ ಸಂಜೆ ಹೊರಟುಬಿಡುತ್ತಾನೆ. ಇಸ್ತ್ರಿ ಬೇಡಮ್ಮ, ಅಲ್ಲಿ ಹೋದಮೇಲೆ ಕೆಸರಲ್ಲಿ ಉರುಳೋದೇ ತಾನೆ ಎಂದು ಪ್ರತಿ ವಾರವೂ ಹೇಳುತ್ತಾನೆ. ನಾನು ಪ್ರತಿ ವಾರವೂ ಮಾಡುತ್ತೇನೆ. ಕೆಸರಿನಲ್ಲಿ ಉರುಳುವವನು ಇಸ್ತ್ರಿ ಮಾಡಿದ ಅಂಗಿಯಲ್ಲೇ ಉರುಳಲಿ ಎಂಬುದು ನನ್ನ ವಾದ. ಅದಕ್ಕೆ ಯಾವ ಸಮರ್ಥನೆಯೂ ಇಲ್ಲವೆಂದು ನನಗೂ ಗೊತ್ತು.

ಅಂಗಿಯ ಎದೆಯ ಮೇಲೆ ಹೆಸರಿನ ಪಟ್ಟಿಯೊಂದು ಅಂಟಿಕೊಂಡಿರುತ್ತದೆ. ಇಸ್ತ್ರಿಗೆ ಮೊದಲು ಅದನ್ನು ಪರ್ರನೆ ಕಿತ್ತು ಟೀಪಾಯಿಯ ಮೇಲಿಡುತ್ತೇನೆ. ಮೊನ್ನೆಯ ಭಾನುವಾರ ಹಾಗೆ ಇಟ್ಟಾಗ, ಸೋಫಾದ ಮೂಲೆಯಲ್ಲಿ ಹುರುಳಿಕಾಯಿಯ ನಾರು ತೆಗೆಯುತ್ತಿದ್ದ ನಮ್ಮತ್ತೆ ಅದನ್ನು ಕೈಗೆತ್ತಿಕೊಂಡರು. ಇಂಗ್ಲಿಷಿನಲ್ಲಿ ಶ್ರೀಕಂಠ ಎಂದು ಹೊಲಿದಿದ್ದ ಅಕ್ಷರಗಳ ಮೇಲೆ ಒಂದೊಂದಾಗಿ ಬೆರಳಾಡಿಸಿದರು. ಅವರಿಗೆ ಓದಲು ಬರುತ್ತದೆ. ಬಾಯಿಬಿಟ್ಟು ಹೇಳುವುದು ಮಾತ್ರ ಆಗುವುದಿಲ್ಲ.

ಅಷ್ಟರಲ್ಲಿ ಮಗ ಆಕಳಿಸುತ್ತ ರೂಮಿನಿಂದ ಬಂದು ಅಜ್ಜಿಯ ಪಕ್ಕದಲ್ಲಿ ಕುಸಿದು ಕೂತ. ಅಲ್ಲಿ ಆ ಹೆಸರನ್ನು ಯಾರೂ ಕೇಳುವುದಿಲ್ಲ, ಎಲ್ಲರಿಗೂ ನಾಲ್ಕಂಕಿಯ ನಂಬರು, ಸಾರ್ಜೆಂಟ್ ಕೂಗುವುದೂ ಅದನ್ನೇ ಎಂದ. ಇವನ ಹಿಂದಿನ ನಂಬರಿನ ಹುಡುಗನೇ ಪಕ್ಕದ ಮಂಚದವನಂತೆ, ಇವನ ಜೋಡಿಯಂತೆ. ಒಬ್ಬ ತಡಮಾಡಿದರೆ ಇಬ್ಬರಿಗೂ ಶಿಕ್ಷೆಯಂತೆ. ಅತ್ತೆಗೆ ನಗು ಬಂತು. "ನಂಬರಲ್ಲಿ ಕರೆಯೋದನ್ನ ಅವರೇನು ಕಂಡುಹಿಡೀಲಿಲ್ಲ ಬಿಡು" ಎಂದರು. ಆ ಮಾತು ಕಿವಿಗೆ ಬಿದ್ದದ್ದೇ, ನನಗೆ ನಮ್ಮ ಬ್ಲಾಕಿನ ವರ್ನರ್ ಅಂಕಲ್ ನೆನಪಾದರು, ಅವರ ಹಿಂದೆಯೇ ನಾನು ಕಣ್ಣಿನಿಂದ ಕಂಡಿರದ ಅವರ ಪುಟ್ಟ ರಾಜ್ಯವೂ.

ಅದನ್ನು ಹೇಳುವ ಮೊದಲು ನಮ್ಮ ಮನೆಯ ಹೆಸರುಗಳ ಗೋಜಲನ್ನು ನಿಮಗೆ ಹೇಳಬೇಕು. ಅತ್ತೆ ಗಂಡನ ಹೆಸರು ಹೇಳುವವರಲ್ಲ, ತಮ್ಮ ಮಾವನವರ ಹೆಸರನ್ನೂ ಹೇಳುವವರಲ್ಲ. ಇದರಲ್ಲಿ ಹೊಸದೇನಿಲ್ಲ, ನಿಮ್ಮ ಮನೆಯಲ್ಲೂ ಇಂಥ ಒಬ್ಬ ಅಜ್ಜಿ ಇದ್ದಿರಬಹುದು. ಆದರೆ ನಮ್ಮಲ್ಲಿ ಇನ್ನೊಂದು ಪದ್ಧತಿಯೂ ಇದೆ, ಮೊಮ್ಮಗನಿಗೆ ತಾತನ ಹೆಸರಿಡುವುದು. ನಮ್ಮ ಮಾವ ಶ್ರೀಕಂಠಯ್ಯ. ಅವರ ತಂದೆ ಸದಾಶಿವಯ್ಯ. ಹಾಗಾಗಿ ಮಾವನ ಮಗ, ಅಂದರೆ ನಮ್ಮ ಯಜಮಾನರು, ಸದಾಶಿವ. ನಮ್ಮ ಮಗ ಶ್ರೀಕಂಠ. ಈ ಎರಡು ಪದ್ಧತಿಗಳೂ ಬೇರೆಬೇರೆ ಮನೆಗಳಲ್ಲಿದ್ದರೆ ಯಾರಿಗೂ ತೊಂದರೆಯಿಲ್ಲ. ಒಂದೇ ಮನೆಯಲ್ಲಿ ಸೇರಿದಾಗ ಏನಾಯಿತು ನೋಡಿ. ಅತ್ತೆ ಹೆತ್ತ ಮಗನಿಗೆ ಅವರ ಮಾವನ ಹೆಸರು, ಕರೆಯುವ ಹಾಗಿಲ್ಲ. ಮೊಮ್ಮಗನಿಗೆ ಗಂಡನ ಹೆಸರು, ಅವನನ್ನೂ ಕರೆಯುವ ಹಾಗಿಲ್ಲ. ನಮ್ಮ ಯಜಮಾನರಿಗೆ ಐವತ್ತು ದಾಟಿದೆ. ಆಫೀಸಿನವರು ಮನೆಗೆ ಊಟಕ್ಕೆ ಬಂದಾಗಲೂ ಅತ್ತೆ ಅವರನ್ನು ಕರೆಯುವುದು "ಮಗೂ" ಎಂದೇ. ದೇವಸ್ಥಾನದಲ್ಲಿ ಅರ್ಚನೆಗೆ ಹೆಸರು, ನಕ್ಷತ್ರ ಕೇಳಿದರೆ ನಕ್ಷತ್ರವನ್ನು ಮಾತ್ರ ತಾವು ಹೇಳಿ, ಹೆಸರಿಗೆ ನನ್ನ ಕಡೆ ತಿರುಗುತ್ತಿದ್ದರು.

ನಾನೇನೂ ದೊಡ್ಡ ಸುಧಾರಕಿಯಲ್ಲ. ಫೋನಿನಲ್ಲಿ ಗೆಳತಿಯರ ಹತ್ತಿರ ಗಂಡನ ಹೆಸರು ಹಿಡಿದೇ ಮಾತಾಡುತ್ತೇನೆ. ಅತ್ತೆ ಎದುರಿಗೆ ಬಂದರೆ ಅದು ತಾನಾಗಿ "ಇವರು" ಆಗುತ್ತದೆ. ಮಗನ ಹೆಸರಿನ ವಿಷಯದಲ್ಲಿ ಒಮ್ಮೆ ಮಾತ್ರ ಎಡವಿದೆ. ಅವನಿನ್ನೂ ಒಂದೂವರೆ ವರ್ಷದವನು, ಅಕ್ಕಿಡಬ್ಬ ಬೋರಲು ಹಾಕಿ ಅದರ ಮೇಲೆ ಕೂತಿದ್ದ. ಸಿಟ್ಟು ನೆತ್ತಿಗೇರಿ, ಶ್ರೀಕಂಠಾ, ಕತ್ತೆ ಥರ ಆಡಬೇಡ ಎಂದು ಅಡಿಗೆಮನೆಯಿಂದ ಕೂಗಿಬಿಟ್ಟೆ. ಹಾಲಿನಲ್ಲಿ ಪೇಪರು ಓದುತ್ತಿದ್ದ ಮಾವ ಪೇಪರನ್ನು ಮೂಗಿನವರೆಗೆ ಇಳಿಸಿ, "ನಾನೇನಮ್ಮ ಮಾಡಿದೆ?" ಎಂದರು. ಅಂದಿನಿಂದ ನನಗೂ ಅವನು "ಪುಟ್ಟ"ನೇ.

ಹೆಸರಿಡುವ ದಿನದ್ದೊಂದು ದೃಶ್ಯ ಕಣ್ಣಿಗೆ ಕಟ್ಟಿದಂತಿದೆ. ಚೋವಾ ಚು ಕಾಂಗ್ ಬಡಾವಣೆಯ ಇದೇ ಹಾಲಿನಲ್ಲಿ, ಗೆಳತಿಯೊಬ್ಬಳಿಂದ ಎರವಲು ತಂದ ತೊಟ್ಟಿಲಿನಲ್ಲಿ ಮಗುವನ್ನು ಮಲಗಿಸಿದ್ದೆವು. ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ಹೆಸರು ಬರೆದಾಯಿತು. ಹಿರಿಯರೆಲ್ಲ ಸರದಿಯಂತೆ ಬಗ್ಗಿ ಮಗುವಿನ ಕಿವಿಯಲ್ಲಿ ಹೆಸರು ಹೇಳಿದರು. ಅತ್ತೆಯೂ ಬಗ್ಗಿದರು. ಕಿವಿಯ ಹತ್ತಿರ ಬಾಯಿ ಇಟ್ಟುಕೊಂಡು ತುಂಬ ಹೊತ್ತು ಇದ್ದರು. ನಾನು ಪಕ್ಕದಲ್ಲೇ ನಿಂತಿದ್ದೆ. ಅವರ ತುಟಿ ಅಲುಗಲಿಲ್ಲ.

ಇನ್ನು ವರ್ನರ್ ಅಂಕಲ್. ಕೆಳಗಿನ ಮಹಡಿಯಲ್ಲಿದ್ದ ಜರ್ಮನ್ ಮುದುಕರು. ಸೆಲೆಟಾರ್ ವಿಮಾನನಿಲ್ದಾಣದಲ್ಲಿ ವಿಮಾನದ ಎಂಜಿನ್ನುಗಳನ್ನು ರಿಪೇರಿ ಮಾಡಿ ಮಾಡಿ ರಿಟೈರ್ ಆದವರು, ಇಲ್ಲಿಯ ಚೀನೀ ಹೆಂಗಸನ್ನು ಮದುವೆಯಾಗಿ ಇಲ್ಲೇ ಉಳಿದವರು. ಹೆಂಡತಿ ಮೇ ಆಂಟಿ. ಸಂಜೆಯಾದರೆ ಈ ದಂಪತಿ ನಮ್ಮ ಬ್ಲಾಕಿನ ಬುಡದ ತೆರೆದ ಜಗಲಿಯಾದ ವಾಯ್ಡ್ ಡೆಕ್‌ನ ಕಲ್ಲುಮೇಜಿನ ಹತ್ತಿರ ಬಂದು ಕೂರುತ್ತಿದ್ದರು. ಮೊಮ್ಮಗ ಹುಟ್ಟಿದಾಗ ಮೈಸೂರಿನಿಂದ ಬಂದು ನಮ್ಮ ಜೊತೆಗೇ ನಿಂತ ಮಾವನಿಗೆ ಅಲ್ಲಿಯೇ ಅವರ ಸ್ನೇಹವಾಯಿತು. ಮಾವ ರೈಲ್ವೆ ಆಫೀಸಿನಲ್ಲಿದ್ದವರು. ಆದರೆ ಅವರ ತಲೆಯೊಳಗೆ ಓಡುತ್ತಿದ್ದುದು ರೈಲಲ್ಲ, ಮೈಸೂರು ಅರಸರ ವಂಶಾವಳಿ. ಹೊಸಬರು ಯಾರೇ ಸಿಗಲಿ, ಕಾಲು ಗಂಟೆಯೊಳಗೆ ಮಾತು ಅರಮನೆಗೆ ಬಂದು ನಿಲ್ಲುತ್ತಿತ್ತು. ಪಾಪ, ಹೆಚ್ಚಿನವರು ಅಷ್ಟರಲ್ಲಿ ಬಸ್ಸಿನ ನೆಪ ಹೇಳಿ ಏಳುತ್ತಿದ್ದರು. ವರ್ನರ್ ಅಂಕಲ್ ಏಳಲಿಲ್ಲ. ನಮ್ಮೂರಲ್ಲೂ ರಾಜರಿದ್ದರು ಎಂದರು.

ಅವರ ಊರು ಗ್ರೈಟ್ಸ್. ಹೊಳೆಯ ದಂಡೆಯ ಸಣ್ಣ ಪಟ್ಟಣ. ಗುಡ್ಡದ ಮೇಲೊಂದು ಅರಮನೆ, ಕೆಳಗೊಂದು ಅರಮನೆ. ರಾಯ್ಸ್ ಎಂಬ ಮನೆತನದ ಹಿರಿಯ ಶಾಖೆಯ ರಾಜಧಾನಿ ಅದು. ಇಡೀ ರಾಜ್ಯ ನಮ್ಮ ಸಿಂಗಪುರದ ಅರ್ಧದಷ್ಟೂ ಇರಲಿಲ್ಲವಂತೆ. ಆ ಮನೆತನದ ವಿಶೇಷವೇನೆಂದರೆ ಹುಟ್ಟಿದ ಗಂಡುಮಕ್ಕಳಿಗೆಲ್ಲ ಒಂದೇ ಹೆಸರು, ಹೈನ್ರಿಖ್. ಹಿಂದೆ ಯಾವುದೋ ಕಾಲದಲ್ಲಿ ಉಪಕಾರ ಮಾಡಿದ ಚಕ್ರವರ್ತಿಯೊಬ್ಬನ ನೆನಪಿಗೆ ಇಟ್ಟ ಹೆಸರಂತೆ. ಅಣ್ಣನೂ ಹೈನ್ರಿಖ್, ತಮ್ಮನೂ ಹೈನ್ರಿಖ್, ಚಿಕ್ಕಪ್ಪನ ಮಕ್ಕಳೂ ಹೈನ್ರಿಖ್. ಗುರುತಿಗೆ ಒಂದೊಂದು ನಂಬರು. ಪಟ್ಟಕ್ಕೆ ಬಂದವನಿಗಷ್ಟೇ ನಂಬರಲ್ಲ, ಹುಟ್ಟಿದವನಿಗೆಲ್ಲ. ಹಿರಿಯ ಶಾಖೆಯವರದು ನೂರರವರೆಗೆ ಎಣಿಸಿ ಮತ್ತೆ ಒಂದರಿಂದ ಶುರುಮಾಡುವ ಕ್ರಮ. ಕಿರಿಯ ಶಾಖೆಯವರದು ಶತಮಾನ ತಿರುಗಿದಾಗ ಹೊಸ ಎಣಿಕೆ.

ಮಾವ ಸುಮ್ಮನಿರುವವರೇ? ನಮ್ಮ ಮೈಸೂರಿನಲ್ಲಿ ಚಾಮರಾಜರೇ ಹತ್ತು ಜನ ಎಂದರು. ವರ್ನರ್ ಅಂಕಲ್ ವಿನಯದಿಂದಲೇ, ನಮ್ಮ ಹೈನ್ರಿಖರು ಎಪ್ಪತ್ತರ ಮೇಲೆ ಹೋಗಿದ್ದುಂಟು ಎಂದರು. ಮೈಸೂರು ಸೋತ ಆ ದಿನ ಮಾವ ಒಂದು ಚಪಾತಿ ಕಡಿಮೆ ತಿಂದರು. ಆಮೇಲೆ ಅವರಿಗೊಂದು ಸಮಾಧಾನ ಸಿಕ್ಕಿತು: ಹೆಚ್ಚಿದ್ದರೆ ದೊಡ್ಡಸ್ತಿಕೆಯೇ, ನಮ್ಮ ಮನೆಯಲ್ಲಿ ನೋಡಿ, ತಲೆಮಾರಿಗೆ ಒಬ್ಬನೇ ಗಂಡು, ಚಿನ್ನದಂಥವನು. ಈ ಮಾತನ್ನು ಅವರು ಮೊದಲೂ ಹೇಳುತ್ತಿದ್ದರು. ಹೇಳಿದಾಗಲೆಲ್ಲ ಅತ್ತೆಗೆ ಒಲೆಯ ಮೇಲೆ ಏನೋ ಇಟ್ಟದ್ದು ನೆನಪಾಗಿ ಎದ್ದು ಹೋಗುತ್ತಿದ್ದರು. ಸುಮಾರು ಸಲ ಒಲೆಯ ಮೇಲೆ ಏನೂ ಇರುತ್ತಿರಲಿಲ್ಲ. ನಾನು ಅದನ್ನು ನೋಡಿದ್ದೆ, ಆದರೆ ಅದರ ಬಗ್ಗೆ ಯೋಚಿಸಿರಲಿಲ್ಲ.

ಒಂದು ಸಂಜೆ ನಾನು ಫ್ಲಾಸ್ಕಿನಲ್ಲಿ ಕಾಫಿ ತೆಗೆದುಕೊಂಡು ಕೆಳಗೆ ಬರುವ ಹೊತ್ತಿಗೆ ಮಕ್ಕಳ ಆಟ ನಿಂತಿತ್ತು. ಅತ್ತೆ ಬೆಂಚಿನ ಅಂಚು ಹಿಡಿದು ಕೂತಿದ್ದರು. ಮಗ ವರ್ನರ್ ಅಂಕಲ್ ಹೆಗಲ ಮೇಲಿದ್ದ, ನಗುತ್ತಿದ್ದ. ಆದದ್ದಿಷ್ಟು. ಚೆಂಡಿನ ಹಿಂದೆ ಓಡಿದವನು ಕಾರ್ ಪಾರ್ಕಿನ ಕಡೆ ನುಗ್ಗಿದ್ದ. ಒಂದು ಕಾರು ಹಿಂದಕ್ಕೆ ಬರುತ್ತಿತ್ತು. ಅತ್ತೆ ನೋಡಿದ್ದಾರೆ. ಕೂಗಲು ಬಾಯಿ ತೆರೆದಿದ್ದಾರೆ. ಹೆಸರು ಗಂಟಲಿನವರೆಗೆ ಬಂದು ನಿಂತುಬಿಟ್ಟಿದೆ. "ಏ... ಏ..." ಎಂದಿದ್ದಾರೆ. ಅಲ್ಲಿ ಆಡುತ್ತಿದ್ದ ಮಕ್ಕಳೆಲ್ಲ ತಿರುಗಿದವು, ಇವನೊಬ್ಬ ತಿರುಗಲಿಲ್ಲ. ವರ್ನರ್ ಅಂಕಲ್ ಉದ್ದ ಕಾಲಿನವರು, ಹಾರಿಹೋಗಿ ಎತ್ತಿಕೊಂಡರು.

ಯಾಕೆ ಹೆಸರು ಕೂಗಲಿಲ್ಲ ಎಂದು ಅವರು ಕೇಳಿದಾಗ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಇಂಗ್ಲಿಷಿನಲ್ಲಿ ಹೇಳುತ್ತ ಹೋದಂತೆ ನಮ್ಮ ಮನೆಯ ಸಂಗತಿ ನನಗೇ ಯಾರದೋ ಮನೆಯ ಸಂಗತಿಯಂತೆ ಕೇಳಿಸಿತು. ಅವರು ನಗಲಿಲ್ಲ. ಮಾವ ನೆಲ ನೋಡುತ್ತಿದ್ದರು. ಇಷ್ಟು ವರ್ಷಕ್ಕೆ ಮೊದಲ ಸಲ, ನಾಲ್ಕು ಜನರ ಎದುರಿಗೆ ಹೆಂಡತಿಗೆ ಹೇಳಿದರು, ನೀನು ನನ್ನ ಹೆಸರು ಹಿಡಿದು ಕೂಗಿದರೆ ನನಗೇನೂ ಬೇಜಾರಿಲ್ಲ ಎಂದು.

"ನಿಮಗೆ ಬೇಜಾರಿಲ್ಲ. ನನ್ನ ನಾಲಿಗೆಗೆ ಬರಲ್ವಲ್ಲ, ಏನು ಮಾಡ್ಲಿ?" ಎಂದರು ಅತ್ತೆ.

ಮಾತು ಬದಲಿಸಲೆಂದೋ ಏನೋ, ವರ್ನರ್ ಅಂಕಲ್ ತಮ್ಮ ಊರಿನ ರಾಣಿಯೊಬ್ಬಳ ಕಥೆ ತೆಗೆದರು. ಗಂಡ ತೀರಿಕೊಂಡಾಗ ಮಗ ಇನ್ನೂ ಚಿಕ್ಕವನು, ಇಪ್ಪತ್ತೆರಡನೆಯ ಹೈನ್ರಿಖ್. ತಾಯಿಯೇ ರಾಜ್ಯ ನೋಡಿಕೊಂಡಳು. ಆಗ ಪ್ರಷ್ಯಾ ಎಂಬ ದೊಡ್ಡ ರಾಜ್ಯ ಸುತ್ತಲಿನ ಸಣ್ಣಪುಟ್ಟ ರಾಜ್ಯಗಳನ್ನೆಲ್ಲ ಬಗ್ಗಿಸುತ್ತಿತ್ತು. ಈಕೆ ಮಾತ್ರ ಅದರ ಎದುರಾಳಿಗಳ ಕಡೆ ನಿಂತಳು. ಪ್ರಷ್ಯಾದ ಸೈನಿಕರು ಬಂದು ಊರು ಹಿಡಿದರು, ದಂಡ ಹಾಕಿದರು. ಅಂಗೈಯಗಲದ ರಾಜ್ಯದ ಹೆಂಗಸಿಗೆ ಅಷ್ಟು ಧೈರ್ಯವಿತ್ತು ಎಂದು ಅವರು ಹೆಮ್ಮೆಯಿಂದ ಹೇಳಿದರು. ನಾನು ಸಾಲುಸಾಲಾಗಿ ಕನ್ನಡ ಮಾಡಿ ಅತ್ತೆಗೆ ಹೇಳುತ್ತಿದ್ದೆ. ದಂಡ, ಸೈನ್ಯ ಇವು ಅವರ ಕಿವಿಗೆ ಬಿದ್ದಂತೆ ಕಾಣಲಿಲ್ಲ.

"ಆಯಮ್ಮನ ಗಂಡನ ಹೆಸರೂ ಅದೇ ತಾನೆ?" ಎಂದು ಕೇಳಿದರು. ಹೌದು, ಅವನು ಇಪ್ಪತ್ತನೆಯ ಹೈನ್ರಿಖ್.

"ಗಂಡಂದೂ ಅದೇ, ಮಗಂದೂ ಅದೇ. ಹಂಗಾರೆ ಮಗನ್ನ ಊಟಕ್ಕೆ ಏನಂತ ಕರೀತಿದ್ಲು? ಕೇಳು ಅವರನ್ನ."

ಕೇಳಿದೆ. ವರ್ನರ್ ಅಂಕಲ್ ಗೊತ್ತಿಲ್ಲ ಎಂದರು. ಮನೆಯೊಳಗೆ ಕರೆಯಲು ಏನಾದರೊಂದು ಮುದ್ದಿನ ಹೆಸರು ಇದ್ದೇ ಇರುತ್ತದೆ, ಆದರೆ ಶಾಲೆಯಲ್ಲಿ ಯಾರೂ ಅದನ್ನು ಹೇಳಿಕೊಡಲಿಲ್ಲ, ತಾನೂ ಯಾರನ್ನೂ ಕೇಳಲಿಲ್ಲ ಎಂದರು. ಮಾವನಿಗೂ ಆ ಪ್ರಶ್ನೆ ತಟ್ಟಿತೆಂದು ಕಾಣುತ್ತದೆ. ಅಷ್ಟೊಂದು ಅರಸರನ್ನು ಬಾಯಿಪಾಠ ಮಾಡಿದ್ದವರು, ಒಬ್ಬ ಅರಸನನ್ನಾದರೂ ಅವನ ತಾಯಿ ಏನೆಂದು ಕರೆಯುತ್ತಿದ್ದಳೆಂದು ಅವರಿಗೂ ಗೊತ್ತಿರಲಿಲ್ಲ.

ಅತ್ತೆ ಬಿಡಲಿಲ್ಲ. ಅಪ್ಪ ಇಪ್ಪತ್ತು, ಮಗ ಇಪ್ಪತ್ತೆರಡು. ನಡುವಿನ ಇಪ್ಪತ್ತೊಂದು ಯಾರು? ಇದು ವರ್ನರ್ ಅಂಕಲ್‌ಗೆ ಗೊತ್ತಿತ್ತು. ಆ ರಾಣಿಯ ಮೊದಲ ಗಂಡುಮಗು, ತೊಟ್ಟಿಲಿನಲ್ಲೇ ಹೋಯಿತು. ಎರಡು ವರ್ಷದ ಮೇಲೆ ಇನ್ನೊಬ್ಬ ಹುಟ್ಟಿದ. ಆದರೆ ಹೋದ ಮಗುವಿನ ನಂಬರನ್ನು ಅವನಿಗೆ ಕೊಡಲಿಲ್ಲ. ಇಪ್ಪತ್ತೊಂದು ಆ ಮಗುವಿನದೇ. ಅವನಿಗೆ ಮುಂದಿನದು.

"ತೊಟ್ಟಿಲಲ್ಲಿ ಹೋಗಿದ್ದಕ್ಕೂ ಲೆಕ್ಕ ಇಟ್ಟಿದ್ರಾ?" ಎಂದು ಅತ್ತೆ ಮೆಲ್ಲಗೆ ಕೇಳಿದರು. ಇಟ್ಟಿದ್ದರು ಎಂದೆ. ಅವರು ಮೊಮ್ಮಗನನ್ನು ಇಸಿದುಕೊಂಡು ಮಡಿಲಲ್ಲಿ ಕೂರಿಸಿಕೊಂಡರು. ಕಾಫಿ ಆರಿಹೋಯಿತು.

ಅದಾದ ಮೇಲೆ ಮಾವ ಯಾವುದೋ ಲೆಕ್ಕಾಚಾರದಲ್ಲಿದ್ದಂತೆ ಓಡಾಡಿದರು. ವಾರ ಕಳೆದಿರಬೇಕು, ಸಂಜೆ ಎಲ್ಲರೂ ಕಲ್ಲುಮೇಜಿನ ಸುತ್ತ ಇದ್ದಾಗ ಗಂಟಲು ಸರಿಮಾಡಿಕೊಂಡು ತಮ್ಮ ತೀರ್ಮಾನ ಹೇಳಿದರು. ನಾಲಿಗೆಗೆ ಹೆಸರು ಬರದಿದ್ದರೆ ಬೇಡ. ರಾಯ್ಸ್ ಮನೆತನದವರ ಹಾಗೆ ನಾವೂ ನಂಬರು ಹಾಕೋಣ. ವಂಶದ ಎಣಿಕೆ ಊರು ಕಟ್ಟಿದವನಿಂದ ಶುರುವಾಗಬೇಕು, ಹಾಗಾಗಿ ಹಳ್ಳಿ ಬಿಟ್ಟು ಮೈಸೂರಿಗೆ ಬಂದು ಮನೆ ಮಾಡಿದ ತಮ್ಮ ತಂದೆ ಒಂದು. ತಾವು ಎರಡು. ಮಗ ಮೂರು. ಮೊಮ್ಮಗನ ತಲೆಯ ಮೇಲೆ ಪಟ್ಟ ಕಟ್ಟುವವರಂತೆ ಕೈಯಿಟ್ಟು, "ಇವನು ನಾಲ್ಕು" ಎಂದರು.

"ಐದು" ಎಂದರು ಅತ್ತೆ.

ಮಾವ ಅವರ ಮುಖ ನೋಡಿದರು. ಮೇ ಆಂಟಿಗೆ ಏನು ನಡೆಯುತ್ತಿದೆಯೆಂದು ಅರ್ಥವಾಗಿರಲಿಲ್ಲ, ನನ್ನಿಂದ ಅಂಕಿಗಳನ್ನು ಮಾತ್ರ ತಿಳಿದುಕೊಂಡು, "ಯಾ ಲಾ, ಫೋರ್ ನಾಟ್ ಗುಡ್, ಫೈವ್ ಬೆಟರ್" ಎಂದು ಅತ್ತೆಯ ಪಕ್ಷ ವಹಿಸಿದರು. ಚೀನಿಯರಿಗೆ ನಾಲ್ಕು ಅಪಶಕುನ. ಮಾವನ ಕೈ ಮೊಮ್ಮಗನ ತಲೆಯ ಮೇಲೇ ಇತ್ತು.

"ಹೌದು. ಐದು. ನನ್ನ ಲೆಕ್ಕ ತಪ್ಪಿತ್ತು."

ಮಾರನೆಯ ದಿನ ಸೊಪ್ಪು ಬಿಡಿಸುತ್ತ ಅತ್ತೆಯೇ ನನಗೆ ಹೇಳಿದರು, ಕಣ್ಣು ಸೊಪ್ಪಿನ ಮೇಲೇ ಇತ್ತು. ನಮ್ಮ ಯಜಮಾನರಿಗಿಂತ ಮೊದಲು ಒಂದು ಗಂಡು ಹುಟ್ಟಿತ್ತಂತೆ. ತಲೆ ತುಂಬ ಕೂದಲಂತೆ. ಹೆಸರಿಡುವ ದಿನ ಬರುವ ಮೊದಲೇ ಹೋಯಿತು. ಸದಾಶಿವ ಎಂದು ತೆಗೆದಿಟ್ಟಿದ್ದ ಹೆಸರು ಮುಂದೆ ಹುಟ್ಟಿದ ಇವರಿಗೆ ಬಂತು, ಆ ಮಗುವಿನದು ಎನ್ನಲು ಏನೂ ಉಳಿಯಲಿಲ್ಲ. ಹೆಸರಿಲ್ಲದ್ದರಿಂದ ಮನೆಯಲ್ಲಿ ಯಾರೂ ಅದರ ಮಾತೆತ್ತಲಿಲ್ಲ. ಮಾತೆತ್ತಲು ಏನೆಂದು ಎತ್ತುವುದು? ಅದಕ್ಕೀಗ ಮೂರು ಎಂಬುದಾದರೂ ಇದೆ ಎಂದರು. ತಲೆಮಾರಿಗೆ ಒಬ್ಬನೇ ಗಂಡು ಎಂಬ ಮಾತನ್ನು ಮಾವ ಮತ್ತೆ ಆಡಲಿಲ್ಲ.

ಅಂದಿನಿಂದ ನಮ್ಮ ಮನೆಯಲ್ಲಿ, ಲಿಫ್ಟಿನ ಎದುರಿಗೆ, ಶಾಲೆಯ ಗೇಟಿನಲ್ಲಿ "ಐದೂ" ಎಂಬ ಕೂಗು ಕೇಳಿಸತೊಡಗಿತು. ಎಂಥ ಕೂಗು ಅಂತೀರಿ. ಎರಡು ವರ್ಷ ಗಂಟಲಲ್ಲಿ ತಡೆದಿಟ್ಟದ್ದೆಲ್ಲ ಅದರಲ್ಲಿತ್ತು. ಎದುರಿನ ಬ್ಲಾಕಿನವರೂ ಒಮ್ಮೆ ಬಾಲ್ಕನಿಗೆ ಬಂದು ನೋಡಿದರು. ವರ್ನರ್ ಅಂಕಲ್ ಅವನನ್ನು ಕಂಡಾಗಲೆಲ್ಲ ಹಿಮ್ಮಡಿ ಜೋಡಿಸಿ ನಿಂತು, "ಹೈನ್ರಿಖ್ ದ ಫಿಫ್ತ್" ಎನ್ನುತ್ತಿದ್ದರು. ಅವರ ಊರಿನ ಕೊನೆಯ ದೊರೆ ಚಿಕ್ಕಂದಿನಿಂದಲೂ ಕಾಯಿಲೆಯವನಂತೆ, ಅವನ ಪರವಾಗಿ ಇನ್ನೊಂದು ಶಾಖೆಯವರು ರಾಜ್ಯ ನೋಡಿಕೊಂಡರಂತೆ. ಮೊದಲನೆಯ ಮಹಾಯುದ್ಧ ಮುಗಿದಾಗ ಸಿಂಹಾಸನಗಳೆಲ್ಲ ಹೋದವು, ಮಕ್ಕಳಿಲ್ಲದ ಅವನೊಂದಿಗೆ ಗ್ರೈಟ್ಸಿನ ಶಾಖೆಯೂ ಮುಗಿಯಿತು. ಅದನ್ನು ಹೇಳಿದ ದಿನ ವರ್ನರ್ ಅಂಕಲ್ ಮಗನ ಕೆನ್ನೆ ತಟ್ಟಿ, ನಿಮ್ಮದು ನಡೆಯುತ್ತಿದೆ, ನಡೆಯಲಿ ಎಂದಿದ್ದರು. ಆಮೇಲೆ ಅವರ ಮಂಡಿ ಸೋತಿತು, ಕೆಳಗೆ ಬರುವುದು ಕಡಿಮೆಯಾಯಿತು. ಈಗ ಅವರೂ ಇಲ್ಲ, ಮಾವನೂ ಇಲ್ಲ. ಮೇ ಆಂಟಿ ಮಗಳ ಮನೆಗೆಂದು ಜುರಾಂಗ್ ವೆಸ್ಟಿಗೆ ಶಿಫ್ಟ್ ಆದರು. ಕಲ್ಲುಮೇಜು ಇದೆ. ಮಾವ ಹೋದ ಮೇಲೂ ಅತ್ತೆ ಆ ಹೆಸರನ್ನು ಬಾಯಿಗೆ ತಂದಿಲ್ಲ.

ಎಲ್ಲಿಂದ ಎಳೆದುಕೊಂಡು ಎಲ್ಲಿಗೆ ಬಂದೆ ನೋಡಿ, ಅಂಗಿಯ ತೋಳು ಇನ್ನೂ ಬೋರ್ಡಿನ ಮೇಲೇ ಇದೆ. ಮೊನ್ನೆಗೆ ಬರುತ್ತೇನೆ. ಅಜ್ಜಿಯ ಕೈಯಿಂದ ಹೆಸರಿನ ಪಟ್ಟಿ ತೆಗೆದುಕೊಂಡು ಅದನ್ನು ತಿರುಗಿಸುತ್ತ ಕೂತಿದ್ದ ಮಗ ಏನೋ ಹೊಳೆದವನಂತೆ ತಲೆಯೆತ್ತಿದ. ಇಷ್ಟು ವರ್ಷ ಅವನಿಗೆ ಐದು ಎಂಬುದು ಬರಿಯ ಒಂದು ಮುದ್ದಿನ ಹೆಸರಾಗಿತ್ತು. ನಂಬರಿನ ಊರಿಗೆ ಹೋಗಿ ಬಂದವನಿಗೆ ಈಗ ಅದು ನಂಬರಾಗಿ ಕಂಡಿರಬೇಕು.

"ಅಜ್ಜಿ, ವೇಟ್ ಲಾ. ನಾನು ಐದು ಅಂದ್ರೆ ಅಪ್ಪ ನಾಲ್ಕು. ಮುತ್ತಾತ ಒಂದು, ತಾತ ಎರಡು. ಮೂರು ಯಾರು?"

ನನ್ನ ಕೈ ಇಸ್ತ್ರಿಪೆಟ್ಟಿಗೆಯ ಮೇಲೆ ನಿಂತಿತು. ಅತ್ತೆ ಈ ಸಲ ಒಲೆಯ ನೆಪ ಹೇಳಿ ಏಳಲಿಲ್ಲ. ಮಡಿಲಿನ ಹುರುಳಿಕಾಯಿಯನ್ನು ತಟ್ಟೆಗೆ ಸುರಿದು, ಸೆರಗಿನಿಂದ ಕೈ ಒರೆಸಿಕೊಂಡರು.

"ನಿನ್ನ ದೊಡ್ಡಪ್ಪ ಕಣೋ" ಎಂದರು.

ಆ ಮಾತು ನಮ್ಮ ಮನೆಯಲ್ಲಿ ಅಂದು ಮೊದಲ ಸಲ ಕೇಳಿಸಿತು. ಆ ಮಗುವನ್ನು ಮಗುವೆಂದೇ ತಿಳಿದಿದ್ದೆ ನಾನು. ಅದು ನನ್ನ ಭಾವ, ಇವರಿಗೆ ಅಣ್ಣ, ಇವನಿಗೆ ದೊಡ್ಡಪ್ಪ ಎಂದು ಒಮ್ಮೆಯೂ ತೋಚಿರಲಿಲ್ಲ. ಮಗ ಬೋಳಿಸಿದ ತಲೆಯನ್ನು ಅಜ್ಜಿಯ ಹೆಗಲಿಗೆ ಆನಿಸಿದ. ಅವರು ಅದರ ಮೇಲೆ ಕೈಯಾಡಿಸುತ್ತ, ಅವನಿಗೆ ತಲೆ ತುಂಬ ಕೂದಲಿತ್ತು ಎಂದಷ್ಟೇ ಹೇಳಿದರು. ನಾನು ಅಂಗಿಯ ಕಾಲರನ್ನು ಎರಡನೆಯ ಸಲ ಇಸ್ತ್ರಿ ಮಾಡಿದೆ.

ಸಂಜೆ ಅವನು ಬೂಟು ಕಟ್ಟಿಕೊಂಡು, ಬ್ಯಾಗು ಹೆಗಲಿಗೇರಿಸಿ ಲಿಫ್ಟಿನ ಕಡೆ ನಡೆದಾಗ ಹಿಂದಿನಿಂದ ಕೂಗು ಬಂತು, "ಐದೂ." ತಿರುಗಿದ. ಅತ್ತೆ ಬಾಗಿಲಲ್ಲಿ ಕೋಡುಬಳೆಯ ಡಬ್ಬ ಹಿಡಿದು ನಿಂತಿದ್ದರು. ಪ್ರತಿ ವಾರ ಒಂದಿರುತ್ತಿತ್ತು, ಮೊನ್ನೆ ಎರಡಿದ್ದವು. ಇದು ಯಾಕೆ ಇನ್ನೊಂದು ಎಂದು ಕೇಳಿದ.

"ನಿನ್ನ ಹಿಂದಿನ ನಂಬರಿನ ಹುಡುಗನಿಗೆ. ಅವನಿಗೆ ಮೊದಲು ಕೊಟ್ಟು, ಆಮೇಲೆ ನೀನು ತಿನ್ನು."